ದೊಡ್ಡಮ್ಮ ಫ್ರಿಜ್ಜಿನಲ್ಲಿಟ್ಟ ರಕ್ತ

ಆಸ್ಪತ್ರೆಯ ರಕ್ತಪರೀಕ್ಷೆಯ ಕೋಣೆಯಲ್ಲಿ ಮೂವತ್ತು ವರ್ಷ ದುಡಿದ ಆಕೆಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು.

ಒಮ್ಮೆ, ಪದೇ ಪದೇ ಜ್ವರ ಬರುತ್ತಿದ್ದ ಪುಟ್ಟ ಹುಡುಗಿಯ ರಕ್ತದಲ್ಲಿ ದೇಹವನ್ನು ಕಾಯುವ ಹಂತಕ ಕೋಶಗಳು ರೋಗದ ಕೋಶಗಳನ್ನು ಕೊಲ್ಲುತ್ತಿಲ್ಲವೆಂದು ವರದಿ ಬಂತು. ಮರುದಿನವೇ ಮಗುವಿಗೆ ಕಠಿಣ ಚಿಕಿತ್ಸೆ ಶುರುವಾಗಲಿತ್ತು. ಆಗ ದೊಡ್ಡಮ್ಮನಿಗೆ ನೆನಪಾಯಿತು. ಅಭ್ಯಾಸಬಲದಿಂದ ಆ ರಕ್ತವನ್ನು ಅವರೇ ಫ್ರಿಜ್ಜಿನಲ್ಲಿಟ್ಟಿದ್ದರು. ಶೀತಕ್ಕೆ ಹಂತಕ ಕೋಶಗಳು ಕೈಚೆಲ್ಲಿ ಕೂರುತ್ತವೆ.

ಅವರು ನೇರವಾಗಿ ಹುಡುಗಿಯ ತಾಯಿಯ ಬಳಿಗೆ ಹೋದರು.

"ತಪ್ಪು ನಂದಮ್ಮ. ರಕ್ತಾನ ಫ್ರಿಜ್ಜಲ್ಲಿಟ್ಬಿಟ್ಟೆ, ರೋಗಾನ ಕೊಲ್ಲೋ ಕೋಶಗಳು ಚಳಿಗೆ ಕೆಲಸ ಮಾಡಿಲ್ಲ. ಇನ್ನೊಂದ್ಸಲ ರಕ್ತ ಕೊಡಿಸು."

"ಕೊಲ್ಲೋ ಕೋಶ ಅಂತೀರಲ್ಲ ದೊಡ್ಡಮ್ಮ, ನನ್ ಮಗೂನೇ ಕೊಂದ್ರೆ?"

"ಇಲ್ಲ ಕಣಮ್ಮ. ಅವು ಪ್ರತಿ ಕೋಶದ ಮೈ ತಡವಿ ನೋಡ್ತವೆ. ನಮ್ಮನೇದು ಅನ್ನೋ ಗುರುತು ಸಿಕ್ಕಿದ್ರೆ ಕೈಕಟ್ಟಿ ಸುಮ್ನಿರ್ತವೆ. ಗುರುತು ಮರೆಸ್ಕೊಂಡು ಕಳ್ಳಾಟ ಆಡೋದನ್ನ ಮಾತ್ರ ಬಿಡಲ್ಲ."

ಹೊಸ ರಕ್ತದ ನಳಿಕೆಯನ್ನು ದೊಡ್ಡಮ್ಮ ಮೇಜಿನ ಮೇಲೆಯೇ ಇಟ್ಟುಕೊಂಡು ಕಾವಲು ಕುಳಿತರು. ಸಂಜೆಯ ಪರೀಕ್ಷೆಯಲ್ಲಿ ಕೋಶಗಳು ಚುರುಕಾಗಿ ಕೆಲಸ ಮಾಡಿದವು.

"ಜ್ವರ ಯಾಕೆ ಅಂತ ಡಾಕ್ಟ್ರು ಬೇರೆ ಕಡೆ ಹುಡುಕ್ತಾರೆ. ಆ ದೊಡ್ಡ ಔಷಧಿ ಬೇಡವಂತೆ," ಎಂದರು ದೊಡ್ಡಮ್ಮ.

ತಾಯಿ ಕಣ್ಣೊರೆಸಿಕೊಂಡಳು. "ಚೆನ್ನಾಗಿ ಬೈಬೇಕು ಅನ್ಕೊಂಡಿದ್ದೆ ನಿಮ್ಮನ್ನ. ಬಾಯೇ ಬರ್ತಿಲ್ಲ."

"ಬೈಯಮ್ಮ," ಎನ್ನುತ್ತ ದೊಡ್ಡಮ್ಮ ಕುರ್ಚಿ ಎಳೆದು ಅವಳ ಪಕ್ಕದಲ್ಲಿ ಕುಳಿತರು.