ನೀರಿನ ಪಾಳಿ

ನಮ್ಮ ಸಂತೆಗುಳಿಯ ನಾಗಪತಿ ಭಟ್ಟನಿಗೆ ಹೊಟ್ಟೆಕಿಚ್ಚು ಅಂಟಿದ್ದು ಕುಮಟೆಯ ಕಾಲೇಜಿನ ಆಫೀಸಿನಲ್ಲಿ. ಅದಕ್ಕೂ ಮೊದಲು ಅವನು ಒಳ್ಳೆಯ ಹುಡುಗನೇ. ಒಂದೇ ಬೆಂಚಿನಲ್ಲಿ ಕೂತವನು ನಾನು, ಇಷ್ಟು ಹೇಳುವ ಹಕ್ಕು ನನಗುಂಟು.

ಅರವತ್ತರ ದಶಕದ ಮಾತು. ಬಡ ಹುಡುಗರಿಬ್ಬರಿಗೆ ಫೀ ಮಾಫಿ ಮಾಡಿ, ಬದಲಿಗೆ ಕ್ಲಾಸಿಗೆ ಮುಂಚೆ ಆಫೀಸಿನಲ್ಲಿ ಕೆಲಸ ಕೊಟ್ಟಿದ್ದರು. ಒಬ್ಬ ನಾಗಪತಿ. ಇನ್ನೊಬ್ಬ ಹಿರೇಗುತ್ತಿಯ ಗೇಣಿ ಗದ್ದೆಯವರ ಮನೆಯ ವೆಂಕಟ. ದಿನಾ ದೋಣಿಯಲ್ಲಿ ಅಘನಾಶಿನಿ ದಾಟಿ ಬರುತ್ತಿದ್ದ. ಕೆಲಸ ಪಾಳಿಯ ಮೇಲೆ. ಒಬ್ಬ ಬಾವಿಯಿಂದ ಕುಡಿಯುವ ನೀರು ತಂದು, ಗುಡಿಸಿ, ಟಪಾಲು ಹಾಕಿ ಬಂದರೆ ಇನ್ನೊಬ್ಬ ಟೈಪ್‌ರೈಟರಿನ ಮುಂದೆ. ಮರುದಿನ ಅದಲುಬದಲು. ಡಿಗ್ರಿ ಮುಗಿದ ಮೇಲೆ ಇಬ್ಬರಲ್ಲೊಬ್ಬನನ್ನು ಗುಮಾಸ್ತನಾಗಿ ಇಟ್ಟುಕೊಳ್ಳುವುದು ಎಂದು ಹೆಡ್‌ಕ್ಲಾರ್ಕ್ ತ್ರ್ಯಂಬಕ ಹೆಗಡೇರು ಹೇಳಿದ್ದರು. ನಾಗಪತಿ ಮನಸ್ಸಿನಲ್ಲಿ ಆಗಲೇ ಆ ಕುರ್ಚಿಯ ಮೇಲೆ ಕೂತಾಗಿತ್ತು.

ಆದರೆ ವೆಂಕಟನ ಬೆರಳು ಓಡುತ್ತಿತ್ತು. ಎರಡು ತಿಂಗಳಿಗೇ ಕೀಲಿ ನೋಡದೆ ಹೊಡೆಯತೊಡಗಿದ. ಹೆಗಡೇರು ಒಂದು ದಿನ ಅವನ ಕಾಗದ ಎತ್ತಿ ಹಿಡಿದು, "ನೋಡು ನಾಗಪತಿ, ಒಂದೂ ತಪ್ಪಿಲ್ಲೆ" ಎಂದುಬಿಟ್ಟರು. ಸರಿ, ನಾಗಪತಿಗೆ ಮಧ್ಯಾಹ್ನದ ಊಟ ಇಳಿಯಲಿಲ್ಲ. ಇವತ್ತು ದೋಣಿ ತಪ್ಪಲಿ, ನಾಳೆ ದೋಣಿ ತಪ್ಪಲಿ ಎಂದು ಬೆಳಗಾದರೆ ದೇವರಲ್ಲಿ ಬೇಡಿಕೊಳ್ಳುತ್ತಿದ್ದ. ಪುಣ್ಯಾತ್ಮ ವೆಂಕಟ ಒಂದು ದಿನವೂ ತಪ್ಪಿಸಲಿಲ್ಲ.

ಕಡೆಗೆ ನಾಗಪತಿ ಹೆಗಡೇರ ಕಿವಿ ಹತ್ತಿರ ಹೋದ. ನಾನು ಬಾಗಿಲಲ್ಲೇ ಇದ್ದೆ.

"ಹೆಗಡೇರೇ, ಅಂವ ಸೇದಿದ ನೀರು ನಿಂಗಕ್ಕೆ ಅಡ್ಡಿಲ್ಯಾ?"

ಹೆಗಡೇರಿಗೆ ಅಲ್ಲಿಯವರೆಗೆ ಆ ಯೋಚನೆಯೇ ಬಂದಿರಲಿಲ್ಲ. ಬಾಯಾರಿದಾಗ ಕುಡಿಯುತ್ತಿದ್ದರು, ಅಷ್ಟೆ. ಆದರೆ ತಮ್ಮದೇ ಜಾತಿಯ ಹುಡುಗ ಬಾಯಿಬಿಟ್ಟು ಕೇಳಿದ ಮೇಲೆ ಕುಡಿದರೆ ಊರು ಏನಂದೀತು? ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ವೆಂಕಟನನ್ನು ತೆಗೆದುಹಾಕುತ್ತಾರೆಂದು ನಾಗಪತಿ ಕಾದ. ಹೆಗಡೇರು ಅಷ್ಟು ಕೆಟ್ಟವರಲ್ಲ.

"ನಾಳಿಂದ ನೀರು ದಿನಾ ನೀನೇ ತಗಂಬಾ," ಎಂದರು. "ಟೈಪಿಂಗ್ ಅಂವ ನೋಡ್ಕತ್ತ."

ವೆಂಕಟನಿಗೆ ಹೇಳಿದಾಗ ಅವನು ಕೈಯಲ್ಲಿದ್ದ ಕೊಡ ಕೆಳಗಿಟ್ಟ. ಆಮೇಲೆ "ಆತು" ಅಂದ. ಇನ್ನೇನು ಅಂದಾನು?

ಅಲ್ಲಿಂದ ನಾಗಪತಿಯ ಪಾಳಿ ಮುಗಿಯಲೇ ಇಲ್ಲ. ನೀರಿನ ಹಿಂದೆ ಹೆಗಡೇರ ಹತ್ತು ಗಂಟೆಯ ಅವಲಕ್ಕಿ ಬಂತು, ಮಡಿವಂತ ಪ್ರಿನ್ಸಿಪಾಲರ ಕಷಾಯ ಬಂತು. ಶುದ್ಧ ಕೈ ಅಂದರೆ ಅವನದೊಂದೇ. ಒಳಗೆ ಟೈಪ್‌ರೈಟರಿನ ಸದ್ದು ಕೇಳಿದಷ್ಟೂ ಬಾವಿಕಟ್ಟೆಯ ಮೇಲೆ ನಿಂತು ಮೈ ಪರಚಿಕೊಳ್ಳುತ್ತಿದ್ದ. ಕೈಯಾರೆ ತಂದುಕೊಂಡದ್ದು, ಯಾರಿಗೆ ಹೇಳುವುದು? ನನಗೆ ಹೇಳಿದ. ನಾನು ನಕ್ಕೆ, ಒಂದು ವಾರ ಮಾತು ಬಿಟ್ಟ.

ವೆಂಕಟ ಸರಕಾರಿ ಟೈಪಿಂಗ್ ಪರೀಕ್ಷೆ ಪಾಸಾದ, ಬಿ.ಎ.ಯೂ ಆದ, ಗುಮಾಸ್ತನಾದ. ನಾಗಪತಿ ಬಿ.ಎ.ಯಲ್ಲಿ ಫೇಲಾಗಿ ಕೂತ. ಹೆಗಡೇರು ಕರೆದು ಪ್ರೀತಿಯಿಂದಲೇ ಹೇಳಿದರು: "ಆಫೀಸಲ್ಲಿ ಸಿಪಾಯಿ ಜಾಗ ಒಂದು ಖಾಲಿ ಇದ್ದು. ನಿನ್ನ ಕೈ ನೀರು ಕುಡ್ದು ರೂಢಿ ಆಗಿ ಹೋಯ್ದು ನೋಡು." ಮನೆಯಲ್ಲಿ ತೋಟ ಪಾಲಾಗಿ ಅವನ ಪಾಲಿಗೆ ಏನೂ ಉಳಿದಿರಲಿಲ್ಲ. ಒಪ್ಪಿಕೊಂಡ.

ವೆಂಕಟ ಹೆಡ್‌ಕ್ಲಾರ್ಕ್ ಆದ ಮೇಲೂ ಇವನು ಅವನ ಮೇಜಿಗೆ ಫೈಲು ಹೊರುತ್ತಲೇ ಇದ್ದ. ವೆಂಕಟ ಒಮ್ಮೆಯೂ ಹಳೆಯದನ್ನು ಎತ್ತಲಿಲ್ಲ. "ಭಟ್ರೇ, ಸ್ವಲ್ಪ ಇದನ್ ಪ್ರಿನ್ಸಿಪಾಲರಿಗೆ ಕೊಡ್ತ್ರಾ?" ಎಂದು ಮೆತ್ತಗೆ ಕೇಳುವನು.

"ಒಂದ್ಸಲ ಬೈಲಿ ಮಾರಾಯ," ಎಂದು ನಾಗಪತಿ ನನ್ನ ಮುಂದೆ ಹಲ್ಲು ಕಚ್ಚುತ್ತಿದ್ದ. "'ಏ ನಾಗಪತಿ' ಹೇಳಿ ಒಂದ್ಸಲ ಕೂಗ್ಲಿ. ಎನ್ನ ಹೊಟ್ಟೆ ತಣ್ಣಗಾಗ್ತು."

ವೆಂಕಟ ನಿವೃತ್ತನಾಗುವವರೆಗೂ ಕೂಗಲಿಲ್ಲ.