ಅಂಕ ರಿಪೇರಿಯ ಸ್ಕೋರಕ್ಕ

ಬೆಳಗಿನ ಆರೂಕಾಲು. ಬೀದಿಯಲ್ಲಿ ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಮನೆ ಸಾಲ ಕೊಡುವ ಕಚೇರಿಯ ಗಾಜಿನ ಬಾಗಿಲು ತೆರೆಯಲು ಇನ್ನೂ ನಾಲ್ಕು ಗಂಟೆ ಇದೆ. ಅದರ ಮಗ್ಗುಲಿನ ಜೆರಾಕ್ಸ್ ಅಂಗಡಿಯ ಷಟರ್ ಮಾತ್ರ ಸೊಂಟದ ಮಟ್ಟಕ್ಕೆ ಎದ್ದಿದೆ; ಒಳಗೆ ಹೋಗಬೇಕೆಂದರೆ ಎಂಥವರೂ ತಲೆ ಬಗ್ಗಿಸಲೇಬೇಕು. ಯಂತ್ರಕ್ಕೂ ಗೋಡೆಗೂ ನಡುವಿನ ಮೂರಡಿ ಜಾಗದಲ್ಲಿ ಒಂದು ಮಡಚುವ ಮೇಜು. ಅದರ ಹಿಂದೆ ಐವತ್ತೆರಡರ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಸಾಲಿನ ಕೆಳಗೆ ಅಡಿಪಟ್ಟಿ ಇಟ್ಟು, ಹನ್ನೊಂದು ಪುಟದ ಸಾಲದ ವರದಿಯೊಂದನ್ನು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಓದುತ್ತಿದ್ದಾರೆ.

ಎದುರಿಗೆ ಗಂಡ ಹೆಂಡತಿ ನಿಂತಿದ್ದಾರೆ. ಇರುವ ಒಂದೇ ಸ್ಟೂಲಿನ ಮೇಲೆ ಅವರ ಕಾಗದಪತ್ರದ ಚೀಲ ಕೂತಿದೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವಳು. ಅವನು ಎಂಟಕ್ಕೆ ಲಿಫ್ಟ್ ರಿಪೇರಿಗೆ ಹೊರಡಬೇಕಾದವನು. ಇಬ್ಬರೂ ಎಚ್ಚರವಾಗಿ ಒಂದೇ ಕಡೆ ಸಿಗುವುದು ದಿನಕ್ಕೆ ಈ ಒಂದೂವರೆ ಗಂಟೆ. ಇಂಥವರಿಗಾಗಿಯೇ ಈ ಮೇಜು ಕೋಳಿ ಕೂಗುವ ಹೊತ್ತಿಗೆ ಕಾಲು ಬಿಚ್ಚಿ ನಿಲ್ಲುತ್ತದೆ.

"ಒಂದು ವಾರದಲ್ಲಿ ಆರು ಕಡೆ ಅರ್ಜಿ ಹಾಕಿದೀರ," ಎನ್ನುತ್ತಾರೆ ಅವರು, ತಲೆ ಎತ್ತದೆ.

"ಮೊದಲನೇ ಕಡೆ ಆಗಲ್ಲ ಅಂದ್ರು. ಒಬ್ಬರಲ್ಲ ಒಬ್ಬರು ಕೊಡ್ತಾರೆ ಅಂತ..." ಗಂಡ ಕೈ ಹಿಸುಕಿಕೊಳ್ಳುತ್ತಾನೆ.

"ಹಸಿದವನು ಆರು ಮನೆ ಬಾಗಿಲು ತಟ್ಟಿದ್ರೆ ಒಂದು ತುತ್ತು ಸಿಗಬಹುದು ತಮ್ಮಾ. ಸಾಲಕ್ಕೆ ಹಾಗಲ್ಲ. ಪ್ರತಿ ಬಾಗಿಲಲ್ಲೂ ಇವನು ಬಂದಿದ್ದ ಅಂತ ಬರೆದಿಡ್ತಾರೆ. ಏಳನೆಯವನು ಅದನ್ನ ಓದಿ ಚಿಲಕ ಹಾಕ್ಕೋತಾನೆ."

ಹೆಂಡತಿ ಗಂಡನ ಕಡೆ ತಿರುಗುತ್ತಾಳೆ. "ಲಿಫ್ಟ್ ಬರಲಿಲ್ಲ ಅಂತ ಗುಂಡಿ ಹತ್ತು ಸಲ ಒತ್ತೋರನ್ನ ದಿನಾ ಬೈಕೊಂಡು ಬರ್ತೀಯಲ್ಲ. ನೀನು ಮಾಡಿದ್ದೂ ಅದೇ."

ಅಜ್ಜಿಯರ ಕತೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯೊಳಗೆ ಇರುತ್ತಿತ್ತು. ಈ ಕಾಲದಲ್ಲಿ ದುಡಿದು ತಿನ್ನುವವರ ಮನೆ ಮೂರಂಕಿಯ ಒಂದು ಸಂಖ್ಯೆಯೊಳಗಿದೆ. ಯಾರು ಎಷ್ಟು ಸಾಲ ತಂದರು, ಯಾವಾಗ ತೀರಿಸಿದರು, ಎಲ್ಲಿ ತಡವರಿಸಿದರು ಎಂಬುದನ್ನೆಲ್ಲ ಎಲ್ಲೋ ಒಂದು ಯಂತ್ರ ಅರೆದು, ಸೋಸಿ, ಒಂಬೈನೂರಕ್ಕೆ ಇಷ್ಟು ಎಂದು ಕ್ರೆಡಿಟ್ ಸ್ಕೋರಿನ ಅಂಕ ಕೊಡುತ್ತದೆ. ಏಳುನೂರ ಐವತ್ತು ದಾಟಿದರೆ ಗಾಜಿನ ಬಾಗಿಲು ತಾನಾಗಿ ತೆರೆಯುತ್ತದೆ. ಈ ಜೋಡಿಯಲ್ಲಿ ಹೆಂಡತಿಯದು ಆರುನೂರ ನಲವತ್ತೊಂದು.

ಇಂಥ ಅಂಕ ರಿಪೇರಿ ಮಾಡುವುದೇ ಈ ಹೆಂಗಸಿನ ಕಸುಬು. ಬೀದಿಗೆಲ್ಲ ಅವರು 'ಸ್ಕೋರಕ್ಕ'. ದಿನಕ್ಕೆ ಆರೇಳು ಜನ, ತಲೆಗೆ ಮುನ್ನೂರು. ಅದರಲ್ಲಿ ನೂರು ಜಾಗದ ಬಾಡಿಗೆಗೆ. ವರದಿ ಓದುವುದು, ತಪ್ಪು ಹುಡುಕುವುದು, ತಕರಾರು ಅರ್ಜಿ ಬರೆಯುವುದು, ಬಾಕಿ ಇಲ್ಲವೆಂಬ ಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸುವುದು. ಐದು ವರ್ಷದಲ್ಲಿ ಹತ್ತು ಸಾವಿರದಷ್ಟು ವರದಿ ಈ ಮೇಜು ದಾಟಿವೆ. "ಇವರು ಬಂದ ಮೇಲೆ ನನ್ನ ಮಿಷನ್‌ಗೂ ಮರ್ಯಾದೆ ಬಂತು," ಎಂದು ಅಂಗಡಿಯ ಯಜಮಾನರು ನಗುತ್ತಾರೆ. "ಮುಂಚೆ ಪರೀಕ್ಷೆಗೆ ಕಾಪಿ ಚೀಟಿ ಚಿಕ್ಕದು ಮಾಡಿಸ್ಕೊಳ್ಳೋರೇ ಬರ್ತಿದ್ರು."

ಆರನೆಯ ಪುಟದಲ್ಲಿ ಅಡಿಪಟ್ಟಿ ನಿಲ್ಲುತ್ತದೆ. ಹೆಂಡತಿ ಕಾಲೇಜಿನಲ್ಲಿ ಓದುವಾಗ ತೆಗೆದಿದ್ದ ಸಣ್ಣದೊಂದು ಕ್ರೆಡಿಟ್ ಕಾರ್ಡಿನ ಸಾಲ. ಅದರ ಮುಂದೆ 'ಸೆಟಲ್ಡ್' ಎಂಬ ಪದ.

"ಅದು ಮುಗಿದು ಆರು ವರ್ಷ ಆಯ್ತು," ಎನ್ನುತ್ತಾಳೆ ಅವಳು. "ಅಪ್ಪನಿಗೆ ಹುಷಾರಿಲ್ದಾಗ ಕಂತು ತಪ್ಪಿತ್ತು. ಒಬ್ಬರು ಮೇಡಂ ಫೋನ್ ಮಾಡಿದ್ರು. ಎಷ್ಟು ಮೆತ್ತಗೆ ಮಾತಾಡಿದ್ರು ಗೊತ್ತಾ. ಇವತ್ತೇ ಅರ್ಧ ಕಟ್ಟಿಬಿಡಮ್ಮಾ, ಕತೆ ಮುಗೀತು, ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡು ಅಂದ್ರು. ಬಳೆ ಮಾರಿ ಕಟ್ಟಿದೆ. ಅವರಿಗೆ ಥ್ಯಾಂಕ್ಸ್ ಬೇರೆ ಹೇಳಿದ್ದೆ."

ಸ್ಕೋರಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಾರೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ.

ಆ ಮಾತು ಅವರಿಗೆ ಬಾಯಿಪಾಠ. ಮೇಜಿಗೆ ಬರುವ ಮುಂಚೆ ಹನ್ನೊಂದು ವರ್ಷ ಅವರು ಬ್ಯಾಂಕುಗಳ ಬಾಕಿ ಸಾಲ ಕೊಂಡು ವಸೂಲಿ ಮಾಡುವ ಕಂಪನಿಯೊಂದರಲ್ಲಿ ಕಿವಿಗೆ ಫೋನು ಸಿಕ್ಕಿಸಿಕೊಂಡು ಕೂತವರು. ಉಳಿದವರು ಗದರಿಸುತ್ತಿದ್ದರು, ಇವರು ಸಮಾಧಾನದ ಸ್ವರದಲ್ಲಿ ಈ ಮಾತನ್ನು ಹೆಣೆದರು. ದುಡ್ಡು ಹರಿದು ಬಂತು. ಕಂಪನಿ ಅದನ್ನು ಅಚ್ಚು ಹಾಕಿಸಿ ಎಪ್ಪತ್ತು ಮೇಜಿಗೂ ಅಂಟಿಸಿತು, ಇವರಿಗೊಂದು ಗೋಡೆ ಗಡಿಯಾರ ಕೊಟ್ಟಿತು. ಅರ್ಧ ಕಟ್ಟಿದರೆ ಫೋನು ನಿಲ್ಲುತ್ತದೆ, ನಿಜ. ಆದರೆ ಪೂರ್ತಿ ತೀರಿಸಿದ ಸಾಲದ ಮುಂದೆ 'ಕ್ಲೋಸ್ಡ್' ಎಂದು ಬಿದ್ದರೆ, ಅರ್ಧಕ್ಕೆ ಕೈಬಿಟ್ಟ ಸಾಲದ ಮುಂದೆ 'ಸೆಟಲ್ಡ್' ಎಂದು ಬೀಳುತ್ತದೆ. ಅದು ತಾನಾಗಿ ಅಳಿಯದ ಕಲೆ. ಆ ಕಚೇರಿಯಲ್ಲಿ ಅದನ್ನು ಯಾರೂ ಯಾರಿಗೂ ಹೇಳಲಿಲ್ಲ.

"ಗೊತ್ತಿರಲಿಲ್ಲ ಅಂದ್ರೆ ಅರ್ಧ ಸುಳ್ಳು," ಎನ್ನುತ್ತಾರೆ ಸ್ಕೋರಕ್ಕ, ಆ ಕಾಲದ ಬಗ್ಗೆ ಕೇಳಿದವರಿಗೆ. "ಕೇಳೋಕೆ ಹೋಗಲಿಲ್ಲ. ಅದು ಪೂರ್ತಿ ನಿಜ."

ಗೊತ್ತಾದದ್ದು ತಮ್ಮನಿಂದ. ಅವನ ವ್ಯಾನಿನ ಸಾಲಕ್ಕೆ ಇವರದೇ ಜಾಮೀನು. ಒಂದು ದಿನ ಅವನು ಫೋನ್ ಮಾಡಿ, "ಅಕ್ಕಾ, ಅರ್ಧಕ್ಕೆ ಮುಗಿಸಿಬಿಟ್ಟೆ," ಎಂದ. ಇವರು ಭೇಷ್ ಎಂದರು. ಮರುವರ್ಷ ತಾಯಿಗೂ ತಮಗೂ ಎಂದು ಎರಡು ಕೋಣೆಯ ಮನೆ ಹುಡುಕಿ ಸಾಲ ಕೇಳಲು ಹೋದಾಗ, ಆ ಕಲೆ ಇವರ ಹೆಸರಿನ ಮೇಲೂ ಕೂತಿತ್ತು. ತಮ್ಮನೇನೋ ತನ್ನ ಹೆಂಡತಿಯ ಹೆಸರಿನಲ್ಲಿ ಮನೆ ಮಾಡಿದ್ದಾನೆ. "ಹೋಗಿದ್ದೆ. ಚೆನ್ನಾಗಿದೆ. ಕಿಟಕಿಗಳು ದೊಡ್ಡವು," ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ತಾಯಿ ಮಗಳು ಈಗ ಒಂಬತ್ತನೆಯ ಬಾಡಿಗೆ ಮನೆಯಲ್ಲಿದ್ದಾರೆ.

ಬಳೆ ಮಾರಿದ ಆ ಹುಡುಗಿಯಿಂದ ಇದನ್ನು ಮುಚ್ಚಿಡಬಹುದಿತ್ತು. ಕಾಗದದ ಮೇಲೆ ಅದೇ ಕಂಪನಿಯ ಹೆಸರಿದೆಯೇ ಹೊರತು ಗಂಟಲಿನ ಗುರುತಿಲ್ಲ. ಆದರೂ ಸ್ಕೋರಕ್ಕ ಹೇಳಿಬಿಡುತ್ತಾರೆ. "ಫೋನ್ ಮಾಡಿದ್ದು ನಾನೋ, ಪಕ್ಕದ ಮೇಜಿನವಳೋ ಗೊತ್ತಿಲ್ಲಮ್ಮಾ. ಮಾತು ಮಾತ್ರ ನಂದೇ."

ಹುಡುಗಿ ಸ್ಟೂಲಿನ ಮೇಲಿದ್ದ ಚೀಲವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. "ಅಲ್ಲಿ ಸಂಬಳ ತಗೊಂಡು ಕೆಡಿಸಿದ್ರಿ. ಇಲ್ಲಿ ಮುನ್ನೂರು ತಗೊಂಡು ಸರಿ ಮಾಡ್ತೀರ. ಒಳ್ಳೇ ವ್ಯಾಪಾರ ಮೇಡಂ." ಅಲ್ಲಿಯವರೆಗೆ 'ಅಕ್ಕ' ಎನ್ನುತ್ತಿದ್ದವಳು.

ಬಿಟ್ಟು ಹೋಗುವಂತೆಯೂ ಇಲ್ಲ. ಮೂರನೆಯ ಮಹಡಿಯ ಎರಡು ಕೋಣೆಯ ಮನೆಗೆ ಮುಂಗಡ ಕೊಟ್ಟಾಗಿದೆ. ಮೂವತ್ತು ದಿನದೊಳಗೆ ಸಾಲ ಮಂಜೂರಾಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ. ಅದು ಎರಡು ವರ್ಷದ ರಾತ್ರಿ ಪಾಳಿಯ ಗಳಿಕೆ.

ಸ್ಕೋರಕ್ಕ ದಾರಿ ಹೇಳುತ್ತಾರೆ. ಬಿಟ್ಟುಹೋದ ಅರ್ಧವನ್ನು ಈಗ ಕಟ್ಟಬೇಕು, ಬಾಕಿ ಇಲ್ಲವೆಂಬ ಪತ್ರ ಪಡೆಯಬೇಕು, 'ಸೆಟಲ್ಡ್' ಇದ್ದಲ್ಲಿ 'ಕ್ಲೋಸ್ಡ್' ಎಂದು ತಿದ್ದಿಸಬೇಕು. ಅಲ್ಲಿಯವರೆಗೆ ಹೊಸ ಅರ್ಜಿ ಒಂದೂ ಕೂಡದು. ಗಂಡ ತನ್ನ ಬೈಕು ಮಾರಿ ದುಡ್ಡು ಕಟ್ಟುತ್ತಾನೆ. ಮರುದಿನದಿಂದ ಸಲಕರಣೆಯ ಪೆಟ್ಟಿಗೆ ಹೊತ್ತು ಬಸ್ಸು ಹತ್ತುತ್ತಾನೆ. ಪತ್ರಕ್ಕಾಗಿ ಸ್ಕೋರಕ್ಕ ತಾವೇ ಹಳೆಯ ಕಂಪನಿಯ ಮೆಟ್ಟಿಲು ಹತ್ತುತ್ತಾರೆ. ಒಂದಲ್ಲ, ನಾಲ್ಕು ಸಲ.

ಅಂದು ಇವರ ಕೈಕೆಳಗೆ ಕೆಲಸ ಕಲಿತವನು ಈಗ ಅಲ್ಲಿ ಮ್ಯಾನೇಜರು. "ಓಹೋ, ಹಳೇ ಹುಲಿ. ಏನು, ಈಗ ಆ ಕಡೆಯಿಂದ ಬೇಟೆನಾ?" ಎಂದು ಕುರ್ಚಿ ತೋರಿಸದೆ ನಗುತ್ತಾನೆ.

"ಹುಲಿಗೆ ಹಲ್ಲು ಬಿದ್ದಿದೆ ಕಣಪ್ಪಾ. ಒಂದು ಕಾಗದ ಕೊಟ್ಬಿಡು, ಆ ಮಕ್ಕಳದ್ದು ಮನೆ ಹೋಗ್ತದೆ."

"ನಲವತ್ತೈದು ದಿನ ಅಕ್ಕ. ನಿಯಮ. ನಿಮಗೆ ನಾನು ಹೇಳ್ಕೊಡಬೇಕಾ?"

ಹೇಳಿಕೊಡಬೇಕಿರಲಿಲ್ಲ. ದುಡ್ಡು ಇಸಿದುಕೊಳ್ಳುವುದಕ್ಕೆ ಅಲ್ಲಿ ಒಂದು ನಿಮಿಷ ಸಾಕು, ಇಸಿದುಕೊಂಡೆವು ಎಂದು ಬರೆದುಕೊಡಲು ಒಂದೂವರೆ ತಿಂಗಳು ಎಂಬುದು ಇವರ ಕಾಲದಲ್ಲೂ ಇತ್ತು.

ಮೂವತ್ತನೆಯ ದಿನ ಗಂಡನೊಬ್ಬನೇ ಮೇಜಿಗೆ ಬರುತ್ತಾನೆ. ಮನೆ ಮಾರುವವರು ಇನ್ನು ಒಂದು ದಿನವೂ ಕಾಯುವುದಿಲ್ಲ ಎಂದಿದ್ದಾರೆ. ಪೂರ್ತಿ ನಗದು ಕೊಡುವ ಗಿರಾಕಿ ಸಿಕ್ಕಿದ್ದಾನಂತೆ. "ಅವಳಿಗೆ ನಾಳೆ ಹೇಳ್ತೀನಿ. ಇವತ್ತು ಪಾಳಿ ಇದೆ," ಎನ್ನುತ್ತಾನೆ. ಅಡುಗೆಮನೆಯ ಅಳತೆ ಬರೆದುಕೊಂಡಿದ್ದ ಚೀಟಿಯೊಂದು ಅವನ ಅಂಗಿ ಜೇಬಿನಲ್ಲಿದೆ. ಅದನ್ನು ತೆಗೆದು ಮೇಜಿನ ಕೆಳಗಿನ ಕಸದ ಬುಟ್ಟಿಗೆ ಹಾಕಿ, ಷಟರ್ ಕೆಳಗೆ ತಲೆ ಬಗ್ಗಿಸಿ ಹೊರಡುತ್ತಾನೆ. ನಲವತ್ನಾಲ್ಕನೆಯ ದಿನ ಪತ್ರ ಬರುತ್ತದೆ. ಒಂದು ಅಕ್ಷರವೂ ತಪ್ಪಿಲ್ಲದ, ಮುದ್ದಾದ ಪತ್ರ.

ಐದನೆಯ ತಿಂಗಳು ಅಂಕ ಏಳುನೂರ ಐವತ್ತೆಂಟಕ್ಕೆ ಏರುತ್ತದೆ. ಅಷ್ಟರಲ್ಲಿ ಮನೆಗಳ ಬೆಲೆಯೂ ಏರಿದೆ. ಕೊನೆಯ ಬಸ್ ನಿಲ್ದಾಣದಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಒಂದು ಕೋಣೆಯ ಮನೆಗೆ ಸಾಲ ಮಂಜೂರಾಗುತ್ತದೆ. ವಿಷಯ ತಿಳಿಸಲು ಹುಡುಗಿ ಒಬ್ಬಳೇ ಬರುತ್ತಾಳೆ, ಪಾಳಿ ಮುಗಿಸಿದ ಕಣ್ಣಿನಲ್ಲೇ. ನೂರರ ಮೂರು ನೋಟು ಮೇಜಿನ ಮೇಲಿಡುತ್ತಾಳೆ.

"ಬೇಡಮ್ಮಾ. ನಿನ್ನ ಹತ್ರ ಹೇಗೆ ತಗೊಳ್ಳಲಿ," ಎಂದು ಸ್ಕೋರಕ್ಕ ಹಿಂದೆ ತಳ್ಳುತ್ತಾರೆ. "ಅರ್ಧನಾದ್ರೂ ಇಟ್ಕೋ."

"ಅರ್ಧದ ಮಾತು ಬೇಡ ಮೇಡಂ. ಪೂರ್ತಿ ತಗೊಂಡು ರಸೀದಿ ಕೊಡಿ."

ಐದು ವರ್ಷದಲ್ಲಿ ಈ ಮೇಜಿನಲ್ಲಿ ಯಾರೂ ರಸೀದಿ ಕೇಳಿದವರಲ್ಲ. ಯಜಮಾನರ ಪುಸ್ತಕದಿಂದ ಒಂದು ಹಾಳೆ ಹರಿದು, ಸ್ಕೋರಕ್ಕ ಮೊತ್ತ ಬರೆದು, ರುಜು ಹಾಕಿ ಕೊಡುತ್ತಾರೆ. ಹುಡುಗಿ ನಿಂತಲ್ಲೇ ಎರಡು ಸಲ ಓದಿ, ನಾಲ್ಕಾಗಿ ಮಡಚಿ, ಚೀಲದ ಒಳಗಿನ ಜಿಪ್ಪಿನಲ್ಲಿಟ್ಟು ಹೊರಡುತ್ತಾಳೆ.

"ದಿನಕ್ಕೆ ತೊಂಬತ್ತು ಫೋನು, ಹನ್ನೊಂದು ವರ್ಷ," ಎನ್ನುತ್ತಾರೆ ಸ್ಕೋರಕ್ಕ, ಮುಂದಿನವರ ವರದಿಯ ಕೆಳಗೆ ಅಡಿಪಟ್ಟಿ ಸರಿಸುತ್ತ. "ಅವರಲ್ಲಿ ಒಬ್ಬರಾದ್ರೂ ಬಂದು ಎದುರಿಗೆ ನಿಂತು ಬಾಯ್ತುಂಬ ಬೈಬೇಕು ಅಂತ ಒಂದು ಆಸೆ ಇದೆ. ಈ ಹುಡುಗಿ ಇವತ್ತು ಬೈತಾಳೆ ಅಂದ್ಕೊಂಡಿದ್ದೆ. ರಸೀದಿ ಇಸ್ಕೊಂಡು ಹೋದ್ಲು."