ಚಪ್ಪಲಿ ಬಿಚ್ಚಿ ಬ್ರೇಕು ತುಳಿಯುವವರು

ಗಂಗಾವತಿಯ ಆ ಕಾರು ಮಿಸ್ತ್ರಿ ಸ್ಟೇರಿಂಗ್ ಹಿಡಿಯುವ ಮೊದಲು ಚಪ್ಪಲಿ ಬಿಚ್ಚಿ ಪಕ್ಕಕ್ಕಿಡುತ್ತಿದ್ದರು. ಯಾಕೆಂದು ಕೇಳಿದೆ. "ಬ್ರೇಕು ಕಾಲಿಗೆ ಗೊತ್ತಾಗ್ಬೇಕ್ರಿ," ಎಂದರು. ಯಾರು ಕೇಳಿದರೂ ಅದೇ ಉತ್ತರ.

ಗದ್ದೆ ದಾರಿಯ ನೀರು ಹೊಕ್ಕರೆ ನನ್ನ ಹಳೆಯ ಅಂಬಾಸಿಡರ್ ಕಾರಿನ ಹಿಂದಿನ ಡ್ರಮ್ ಬ್ರೇಕುಗಳು ಹಿಡಿಯುತ್ತಿರಲಿಲ್ಲ. ಅವನ್ನು ತೆಗೆದು ಬೇರೊಂದು ಕಾರಿನ ಡಿಸ್ಕ್ ಬ್ರೇಕು ಕೂರಿಸಲು ಅವರು ನಾಲ್ಕು ದಿನ ತೆಗೆದುಕೊಂಡರು. ಅಳತೆ ಕೂಡದಿದ್ದಾಗ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಅದನ್ನೇ "ಯಾಕಪಾ, ಏನಾತು?" ಎಂದು ಕೇಳುತ್ತಿದ್ದರು.

ಐದನೆಯ ದಿನ ಬ್ರೇಕು ನೋಡಲೆಂದು ಮರಳಿ ಎಂಬ ಹಳ್ಳಿಯ ಕಡೆಗೆ ಹೊರಟೆವು. ಕಾಲುವೆಗೆ ಇಳಿಯುವ ದಾರಿಯಲ್ಲಿ ಮಿಸ್ತ್ರಿ ಬರಿಗಾಲಿನಿಂದ ಮೆಲ್ಲಗೆ ಬ್ರೇಕು ತುಳಿದರು. ಕಾರು ಎಳ್ಳಷ್ಟೂ ಜಾರದೆ ನಿಂತಿತು. "ಭಾಳ ಛಲೋ ಹಿಡೀತೈತಿ," ಎಂದು ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು. ನಾನೂ ಇಳಿದೆ. ಕಾರು ಮಾತ್ರ ನೀರಿನತ್ತ ಹೊರಟಿತು.

ಹ್ಯಾಂಡ್‌ಬ್ರೇಕಿನ ತಂತಿ ಇದ್ದದ್ದು ಹಳೆಯ ಡ್ರಮ್ಮಿಗೆ. ಡ್ರಮ್ಮಿನ ಜೊತೆ ಅದನ್ನೂ ಅವರೇ ಬಿಚ್ಚಿಟ್ಟಿದ್ದರು. ಓಡಿ ಬಾಗಿಲು ತೆರೆದು, ಒಳಗೆ ಬಗ್ಗಿ, ಎರಡೂ ಅಂಗೈಯಿಂದ ಬ್ರೇಕು ಒತ್ತಿ ಹಿಡಿದರು. ನಾನು ಗಾಲಿಗೆ ಕಲ್ಲು ಕೊಟ್ಟೆ.

ಆಮೇಲೆ ಅವರು ಹ್ಯಾಂಡ್‌ಬ್ರೇಕಿನ ಸಡಿಲ ಹಿಡಿಕೆಯನ್ನು ಎರಡು ಸಲ ಎಳೆದು ನೋಡಿದರು.

"ಇದು ಕೈಗೂ ಗೊತ್ತಾಗ್ಬೇಕಿತ್ರಿ," ಎಂದರು.